ಸಲೋತ್ರಿಯ ಮಗಳು ಕಲಿಸಿದ ಶರ್ಯತ್ತು

ನಮ್ಮ ಮನೆಯಲ್ಲಿ ಕುದುರೆ ಎಂಬ ಮಾತನ್ನು ಆಡುವಂತಿರಲಿಲ್ಲ. ಟಾಂಗಾ ಅನ್ನಬಹುದಿತ್ತು, ಟಾಂಗಾದವ ಅನ್ನಬಹುದಿತ್ತು. ಆ ಟಾಂಗಾವನ್ನು ಎಳೆಯುವುದು ಯಾವುದು ಎಂದು ಮಾತ್ರ ಬಾಯಿ ಬಿಟ್ಟು ಹೇಳಬಾರದು. ಇದು ಅಜ್ಜನ ಕಟ್ಟಪ್ಪಣೆ. ಅಜ್ಜ ಎಂದರೆ ನನ್ನ ತಂದೆಯ ತಂದೆ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಪೆನ್ಶನ್ನಿಗೆ ಬಂದವರು. ಅವರ ಬೆನ್ನಿಗೆ ಬಿದ್ದ ತಮ್ಮನೊಬ್ಬ ಹರೆಯದಲ್ಲಿ ಪುಣೆಗೆ ರೇಸು ನೋಡಲು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿ ಬಂದಿದ್ದರೆ ಅಜ್ಜ ಸೂತಕ ಹಿಡಿದು, ಅತ್ತು, ಮುಗಿಸಿಬಿಡುತ್ತಿದ್ದರೋ ಏನೋ. ಅದೂ ಬರಲಿಲ್ಲ. ಪುಣೆಗೆ ಹೋಗಿಬಂದ ಯಾರಾದರೂ, ರೇಸಿನ ಮೈದಾನದ ಕಟಕಟೆಗೆ ಅವನು ಒರಗಿ ನಿಂತಿದ್ದನ್ನು ಕಂಡೆವು ಎಂದು ಹೇಳುವರು, ಅಷ್ಟೇ. ಅಜ್ಜ ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಇಂಥ ಮನೆಗೆ ನನ್ನ ಅವ್ವ ಸೊಸೆಯಾಗಿ ಬಂದಳು. ಅವಳ ತಂದೆ ಪುಣೆಯಲ್ಲಿ ಸಲೋತ್ರಿ, ಅಂದರೆ ಕುದುರೆಗಳಿಗೆ ಔಷಧ ಕೊಡುವ ವೈದ್ಯ. ಸಂಬಂಧ ತಂದ ಮಧ್ಯಸ್ಥ, ಹುಡುಗಿಯ ತಂದೆ ಡಾಕ್ಟರು ಎಂದಿದ್ದ. ಅದು ಸುಳ್ಳಲ್ಲ. ರೋಗಿಗಳು ಯಾರು ಎಂದು ಅಜ್ಜ ಕೇಳಲಿಲ್ಲ, ಅವನು ಹೇಳಲಿಲ್ಲ. ಮದುವೆಯ ಅಕ್ಕಿಕಾಳು ತಲೆಗೆ ಬಿದ್ದ ಮೇಲೆ ಗೊತ್ತಾಯಿತು. ಆಮೇಲೆ ಹನ್ನೆರಡು ವರ್ಷ ಅಜ್ಜ ಅವಳನ್ನು ನೇರ ಮಾತಾಡಿಸಲಿಲ್ಲ. ಮಾವ ಸೊಸೆಯನ್ನು ಮಾತಾಡಿಸದಿರುವುದು ಆಗಿನ ಮನೆಗಳಲ್ಲಿ ದೊಡ್ಡ ಸಂಗತಿಯೇನಲ್ಲ. ಏನಿದ್ದರೂ ಮಗನಿಗೆ, ಇಲ್ಲವೇ ಮೊಮ್ಮಗಳಾದ ನನಗೆ, 'ಆಕೆಗೆ ಹೇಳು' ಎನ್ನುತ್ತಿದ್ದರು. ಅವ್ವ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು. ನಾನು ಹೇಳುವ ಮೊದಲೇ ಕೆಲಸ ಆಗಿರುತ್ತಿತ್ತು.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಉದ್ದಕ್ಕೆ ಹಿಂದೆ ಹಿಂದೆ ಹೋಗುವ ಮನೆ. ಬೀದಿಗೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಅಲ್ಲಿ ಅಜ್ಜನ ಕುರ್ಚಿ. ಪಡಸಾಲೆ ಗಂಡಸರದು. ನಡುಮನೆ ಎಲ್ಲರದು. ಅದರ ಹಿಂದಿನ ಅಡುಗೆಮನೆಯೂ ತೀರ ಕೊನೆಯಲ್ಲಿ ಹೊಗೆ ಹಿಡಿದ ಬಚ್ಚಲೂ ಅವ್ವನವು. ಮುಂಬೈಯ ಇಂಗ್ಲಿಷ್ ಪೇಪರು ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು. ಯುದ್ಧದ ಕಾಲ. ಅಜ್ಜ ಕನ್ನಡಕ ಏರಿಸಿ ಯುದ್ಧದ ಸುದ್ದಿಯನ್ನು ಒಂದಕ್ಷರ ಬಿಡದೆ ಓದುವರು. ಓದಿದ ಮೇಲೆ ರೇಸಿನ ಪುಟವನ್ನು ಹರಿದು ತೆಗೆದು, ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಹಿಡಿದು ನನಗೆ ಕೊಡುವರು.

"ಕುಸುಮಾ, ಇದನ್ನ ಬಚ್ಚಲೊಲಿಗೆ ಹಾಕಲಿಕ್ಕೆ ಹೇಳು ಆಕೆಗೆ."

ಮರುದಿನ ಬೆಳಗ್ಗೆ ಬಚ್ಚಲೊಲೆ ಹೊತ್ತಿಸುವವಳು ಅವ್ವ. ಮನೆಯಲ್ಲಿ ಯಾರ ಕೈಗೆ ಆ ಪುಟ ಹೋಗಬಾರದೋ ಅವರ ಕೈಗೇ ಅಜ್ಜ ಅದನ್ನು ತಪ್ಪದೆ ಕಳಿಸುತ್ತಿದ್ದರು.

ಅವ್ವನಿಗೆ ಕನ್ನಡ ಓದಲು ಬರುತ್ತಿತ್ತು, ಮರಾಠಿ ಬರುತ್ತಿತ್ತು, ಇಂಗ್ಲಿಷ್ ಬಾರದು. ನಾನು ಆಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಎರಡನೇ ಇಯತ್ತೆ. ಹೀಗಾಗಿ ಬೆಳಗಿನ ಹೊತ್ತು ಹಂಡೆಯ ಮುಂದೆ ಕೂತು ಹತ್ತಿಕಟಿಗೆಯ ಬೆಂಕಿಯ ಬೆಳಕಿಗೆ ಪುಟ ಹಿಡಿದು ನಾನು ಓದುವುದು, ಅವಳು ಕೇಳುವುದು, ಕೇಳಿದ ಮೇಲೆ ಅದನ್ನು ಒಲೆಗೆ ಹಾಕುವುದು. ಆಜ್ಞೆ ಮೀರಿದ ಹಾಗೂ ಆಗಲಿಲ್ಲ. ನನ್ನ ಇಂಗ್ಲಿಷ್ ಗಟ್ಟಿಯಾದದ್ದು ಶಾಲೆಯ ಪಠ್ಯದಿಂದಲ್ಲ, ಆ ಬಚ್ಚಲಿನಲ್ಲಿ. ಪ್ರತಿ ಕುದುರೆಯ ಹೆಸರಿನ ಮುಂದೆ 'ಬೈ' ಇಂಥವನು, 'ಔಟ್ ಆಫ್' ಇಂಥವಳು ಎಂದು ಇರುತ್ತಿತ್ತು. ನಾನು ಶಾಲೆಯಲ್ಲಿ ಕಲಿತಂತೆ 'ಇಂಥವನ ಪಕ್ಕದಲ್ಲಿ, ಇಂಥವಳ ಹೊರಗೆ' ಎಂದು ಕನ್ನಡ ಮಾಡಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಅಪ್ಪ ಇಂಥಾವ, ಅವ್ವ ಇಂಥಾಕಿ ಅಂತ ಅದರ ಅರ್ಥ. ಹೊಟ್ಟ್ಯಾಗಿಂದ ಹೊರಗ ಬಂದದ್ದಲ್ಲೇನು? ಎಲ್ಲಾರೂ ಅಪ್ಪನ ಹೆಸರು ನೋಡ್ತಾರ. ನೀ ಅವ್ವನ ಹೆಸರು ನೋಡು. ಆಕಿ ಎಷ್ಟು ದೂರ ಓಡಿದ್ಲು, ಕೊನಿಗೆ ದಮ್ಮು ಇತ್ತೋ ಇಲ್ಲೋ, ಅದನ್ನ ನೋಡು."

ಈಗ ನನ್ನ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಆ ದೊಡ್ಡ ಶರ್ಯತ್ತು, ಅಂದರೆ ಕುದುರೆ ಓಟದ ಪಂದ್ಯ, ಬಂದಾಗ, ಅಜ್ಜಿ, ಇದನ್ನು ಹೇಗೆ ನೋಡಬೇಕು ಎಂದು ಕೇಳುತ್ತಾರೆ. ನಾನು ಹೇಳುವುದೆಲ್ಲ ಹಂಡೆಯ ಮುಂದೆ ಕಲಿತದ್ದೇ. ಮುಂಬೈಯ ಮೈದಾನದಲ್ಲಿ ಸಂಕ್ರಾಂತಿ ಕಳೆದ ಮೇಲಿನ ಒಂದು ಮಧ್ಯಾಹ್ನ ಅದು ನಡೆಯುತ್ತದೆ. ಈ ದೇಶದಲ್ಲೇ ಹುಟ್ಟಿದ, ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ. ಆದ್ದರಿಂದ ಒಂದು ಕುದುರೆಗೆ ಅದು ಜನ್ಮದಲ್ಲಿ ಒಂದೇ ಸಲ. ಈ ವರ್ಷ ಜ್ವರ ಬಂದರೆ ಮುಂದಿನ ವರ್ಷ ಎನ್ನುವ ಮಾತಿಲ್ಲ. ದೂರ ಒಂದೂವರೆ ಮೈಲು. ಆ ದೂರ ಎಷ್ಟೆಂದು ತಿಳಿಯಲಿ ಎಂದು ಅವ್ವ ನನ್ನನ್ನು ಒಮ್ಮೆ ಗುಡಿಗೆ ಹೋಗುವ ನೆವದಲ್ಲಿ ಬಿಸಿಲಲ್ಲಿ ಅಷ್ಟೂ ನಡೆಸಿದ್ದಳು. ಅರ್ಧ ಮೈಲಿಗೆ ಹೆಸರಾದ ಕುದುರೆಯನ್ನು ಇದಕ್ಕೆ ನಂಬಬೇಡ, ಮೊದಲೇ ಮುಂದೆ ಹೋಗುವವು ಕೊನೆಯ ತಿರುವಿನಲ್ಲಿ ಉಸಿರು ಬಿಡುತ್ತವೆ. ಹಿಂದಿನ ಮೂರು ಓಟ ನೋಡು. ಜಾಕಿ ಯಾರು, ಆ ಕುದುರೆಯ ಮೇಲೆ ಮೊದಲು ಕೂತಿದ್ದಾನೋ ಇಲ್ಲವೋ ನೋಡು. ಬೆನ್ನ ಮೇಲಿನ ಭಾರ ನೋಡು. ಗಂಡು ಕುದುರೆಗಿಂತ ಹೆಣ್ಣು ಕುದುರೆಗೆ ಒಂದಿಷ್ಟು ಕಡಿಮೆ ಹೊರಿಸುತ್ತಾರೆ. ಇದನ್ನು ಕೇಳಿ ನಾನು, ಹಾಗಾದರೆ ಮನೆಯಲ್ಲಿ ಯಾಕೆ ಹಾಗಿಲ್ಲ ಎಂದೆ. ಅವ್ವ ಊದುಕೊಳವೆ ಎತ್ತಿಕೊಂಡು ಒಲೆ ಊದಿದಳು. ದುಡ್ಡು ಹಚ್ಚುವ ಮಾತು ನಮ್ಮಲ್ಲಿ ಒಮ್ಮೆಯೂ ಬರಲಿಲ್ಲ. ತನ್ನ ತಂದೆ ಮೂವತ್ತು ವರ್ಷ ಕುದುರೆಯ ಕಾಲು ಹಿಡಿದರೂ ಒಮ್ಮೆಯೂ ಜೂಜು ಆಡಲಿಲ್ಲ ಎಂದು ಅವಳಿಗೆ ಹೆಮ್ಮೆಯಿತ್ತು.

ಗುಟ್ಟು ಹೊರಬಿದ್ದದ್ದು ಒಂದು ಮೊಳೆಯಿಂದ. ನನ್ನನ್ನು ಶಾಲೆಗೆ ಬಿಡುವ ಟಾಂಗಾ ಹುಸೇನಸಾಬನದು, ಅವನ ಕುದುರೆ ಬಿಜ್ಲಿ. ಒಂದು ಬೆಳಗ್ಗೆ ಅವನು ಬಂದಾಗ ಬಿಜ್ಲಿ ಕುಂಟುತ್ತಿತ್ತು. ಅವ್ವ ಕಿಟಕಿಯಿಂದ ನೋಡಿದಳು. ಹುಸೇನಸಾಬ ಬಲಗಾಲನ್ನು ತಿಕ್ಕುತ್ತಿದ್ದ.

"ಹುಸೇನಸಾಬ್ರ, ಬಲಗಾಲಲ್ಲರಿ, ಎಡಗಾಲು. ಅದು ಯಾವ ಕಾಲು ಊರಿದಾಗ ತಲಿ ಬಗ್ಗಸತದ ನೋಡ್ರಿ. ಬಗ್ಗಿಸಿದ್ದು ಛಲೋ ಕಾಲು."

"ಮೂರು ದಿನಾ ಆತ್ರೀ ಅವ್ವಾರ, ಎಣ್ಣಿ ತಿಕ್ಕಾಕತ್ತೇನಿ, ಕಮ್ಮಿ ಆಗವಲ್ದು."

ಅವ್ವ ಕಿಟಕಿ ಬಿಟ್ಟು ಸರಿದಳು. ಆಮೇಲೆ ನಡುಮನೆ ದಾಟಿದಳು, ಪಡಸಾಲೆ ದಾಟಿದಳು, ಕುರ್ಚಿಯಲ್ಲಿದ್ದ ಅಜ್ಜನ ಮುಂದೆಯೇ ಹಾದು ಕಟ್ಟೆ ಇಳಿದಳು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬಿಜ್ಲಿಯ ಎಡಗಾಲನ್ನು ಎತ್ತಿ ಎರಡು ಮೊಳಕಾಲುಗಳ ನಡುವೆ ಹಿಡಿದು, ಕಲ್ಲಿನಿಂದ ಲಾಳದ ಮೊಳೆಗಳನ್ನು ಒಂದೊಂದಾಗಿ ತಟ್ಟಿದಳು. ನಾಲ್ಕನೆಯದಕ್ಕೆ ಬಿಜ್ಲಿ ಮೈ ಝಾಡಿಸಿತು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದರು. ಅಜ್ಜ ಎದ್ದು ಕಟ್ಟೆಗೆ ಬಂದು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳಿಗೇ ಹೇಳಿದರು.

"ಒಳಗ ನಡಿ."

"ಬಂದೆನ್ರಿ ಮಾವನೋರ. ಇದೊಂದು ಮೊಳಿ ತಗದು ಬರ್ತೇನಿ."

ತಗ್ಗಿದ ಕುತ್ತಿಗೆಯನ್ನು ಅವಳು ಎತ್ತಲೂ ಇಲ್ಲ. ಹುಸೇನಸಾಬನ ಇಕ್ಕಳ ಇಸಿದುಕೊಂಡು ಮೊಳೆ ಕಿತ್ತಳು. ತುದಿಗೆ ಕೀವು ಅಂಟಿತ್ತು. ಗೋಧಿ ಹೊಟ್ಟನ್ನು ಬಿಸಿನೀರಿನಲ್ಲಿ ಉಪ್ಪು ಹಾಕಿ ಕಲಸಿ ಗೊರಸಿಗೆ ಕಟ್ಟಲು ಹೇಳಿ, ಕೈ ತೊಳೆದುಕೊಂಡು ಒಳಗೆ ಬಂದಳು. ಬಿಜ್ಲಿಗೆ ಗುಣವಾಯಿತು. ಆದರೆ ಹುಸೇನಸಾಬ ಕೃತಜ್ಞತೆಯಿಂದ ಆ ಸುದ್ದಿಯನ್ನು ಸ್ಟೇಶನ್ನಿನ ಟಾಂಗಾ ಅಡ್ಡೆಯಲ್ಲೆಲ್ಲ ಹೇಳಿದ. ಶಿರಸ್ತೇದಾರರ ಸೊಸೆಯ ಕೈಗುಣವನ್ನು ಊರು ಹೊಗಳತೊಡಗಿತು. ಮನೆಯೊಳಗೆ ಇನ್ನೇನು ನಡೆದಿದೆಯೋ ಎಂದು ಅಜ್ಜ ಎಲ್ಲ ಕಡೆ ಶೋಧಿಸಿದರು. ನನ್ನ ಪಾಟಿಚೀಲದಲ್ಲಿ ಒಂದು ನೋಟಬುಕ್ಕು ಸಿಕ್ಕಿತು. ಸುಟ್ಟುಹೋಗುವ ಪುಟಗಳಲ್ಲಿದ್ದ ಹೆಸರು, ಭಾರ, ತಂದೆ, ತಾಯಿ ಎಲ್ಲವನ್ನೂ ನಾನು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅಕ್ಷರ ದುಂಡಗಿದ್ದವು. ಅಜ್ಜ ಒಂದೊಂದೇ ಹಾಳೆ ತಿರುವಿ ಕೊನೆಯವರೆಗೂ ನೋಡಿದರು. ಬೈಯಲಿಲ್ಲ. ಅಪ್ಪನನ್ನು ಕರೆದರು. ಅಪ್ಪ ಜಿಲ್ಲಾ ಕಚೇರಿಯಲ್ಲಿ ಕಾರಕೂನ. ಆಫೀಸಿನಲ್ಲಿ ಸಾಹೇಬರಿಗೆ, ಮನೆಯಲ್ಲಿ ತಂದೆಗೆ ಹೂಂ ಎನ್ನುವುದೇ ಅವನ ರೂಢಿ.

"ನನ್ನ ತಮ್ಮಾನೂ ಹಿಂಗs ಬರದಿಡ್ತಿದ್ದ. ಇದs ದುಂಡ ಅಕ್ಷರ. ಆಕೆಗೆ ಹೇಳು, ನಾಳಿಂದ ಈ ಹುಡುಗಿ ಸಾಲಿಗೆ ಹೋಗೂದಿಲ್ಲ. ಕಲಿತಿದ್ದು ಸಾಕು."

ಅಪ್ಪ ಹೂಂ ಎಂದ. ನೋಟಬುಕ್ಕನ್ನು ಅಜ್ಜ ಒಲೆಗೆ ಹಾಕಿಸಲಿಲ್ಲ, ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ಆದರೂ ಆ ದಿನ ನಾನು ಅವರನ್ನು ದ್ವೇಷಿಸಿದೆ, ಅದನ್ನು ಈಗ ಮುಚ್ಚಿಡುವುದಿಲ್ಲ. ಹನ್ನೊಂದು ದಿನ ನಾನು ಮನೆಯಲ್ಲಿದ್ದೆ. ನನ್ನ ಓರಗೆಯ ಹುಡುಗಿಯರು ಚೀಲ ಹಿಡಿದು ಹೋಗುವ ಹೊತ್ತಿಗೆ ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ, ಕಲ್ಲಿನ ಜತೆಗೆ ಕಾಳನ್ನೂ ಬೇಕೆಂದೇ ಎಸೆಯುತ್ತಿದ್ದೆ. ಅವ್ವ ನೋಡಿಯೂ ನೋಡದಂತಿದ್ದಳು. ಅಜ್ಜ ಈಗ ಪುಟವನ್ನು ತಾವೇ ಎದ್ದು ಹೋಗಿ ಒಲೆಗೆ ಹಾಕುತ್ತಿದ್ದರು. ಆದರೆ ದೊಡ್ಡ ಶರ್ಯತ್ತಿಗೆ ಓಡುವ ಕುದುರೆಗಳ ಯಾದಿ ಬಂದ ದಿನ ಮೂರು ಮನೆ ಆಚೆಯ ದೇಸಾಯಿ ವಕೀಲರ ಹೆಂಡತಿ ಹಪ್ಪಳ ಸುತ್ತಿ ಕಳಿಸಿದ್ದು ಅದೇ ಪುಟದಲ್ಲಿ. ಅವರು ಬೇಕೆಂದು ಮಾಡಿದರೋ ಹೇಗೋ, ನಾವು ಕೇಳಲಿಲ್ಲ. ಬಚ್ಚಲಿಗೆ ಹೋಗುವುದೂ ಬೇಡವೆಂದು ಅವ್ವ ಅಡುಗೆಮನೆಯಲ್ಲೇ ಅದನ್ನು ಹರವಿದಳು. ಅವಳು ಆರಿಸಿದ್ದು ಒಂದು ಕೆಂಚು ಗಂಡು ಕುದುರೆ, ಮೂರು ಓಟದಲ್ಲಿ ಎರಡು ಗೆದ್ದದ್ದು. ನಾನು ಗುಲ್‌ಬಹಾರ ಎಂಬುದರ ಮೇಲೆ ಬೆರಳಿಟ್ಟೆ.

"ಹೆಣ್ಣು ಕುದುರಿ ಅಂತ ಆರಸಬ್ಯಾಡ. ಕನಿಕರಕ್ಕ ಆರಸೂದಲ್ಲ ಇದು."

"ಕನಿಕರ ಅಲ್ಲ. ಅದರ ಅವ್ವ ಒಂದೂವರಿ ಮೈಲು ಎರಡು ಸಲ ಗೆದ್ದಾಳ. ನಾನೇ ಬರಕೊಂಡಿದ್ದೆ, ನೆನಪದ."

"ನಂದs ಗೆಲ್ಲತದ."

"ಗೆಲ್ಲಲಿ. ನಂದು ಇದs."

ಅವ್ವ ಪುಟವನ್ನು ಮಡಚಿದಳು. "ಹಂಗಾರ ಯಾರ ಏನs ಅಂದ್ರೂ ಬಿಡಬ್ಯಾಡ" ಎಂದು ಹಪ್ಪಳವನ್ನು ಡಬ್ಬಿಗೆ ಹಾಕಿದಳು.

ಊರಲ್ಲಿ ರೇಡಿಯೋ ಇದ್ದ ಕೆಲವೇ ಮನೆಗಳಲ್ಲಿ ದೇಸಾಯಿ ವಕೀಲರದೊಂದು. ಶರ್ಯತ್ತನ್ನು ಅಲ್ಲಿ ನಾಲ್ಕು ಜನ ಗಂಡಸರು ಕೂಡಿ ಕೇಳುತ್ತಾರೆಂಬುದು ಗೊತ್ತಿದ್ದದ್ದೇ. ಶರ್ಯತ್ತಿದ್ದ ಭಾನುವಾರ ಊಟ ಮುಗಿದ ಮೇಲೆ ಅವ್ವ ಇಳಕಲ್ ಸೀರೆ ಉಟ್ಟು, ನನಗೆ ಜಡೆ ಹೆಣೆದು, ಪಡಸಾಲೆಗೆ ಬಂದು ಅಪ್ಪನಿಗೆ ಹೇಳಿದಳು. ಅಜ್ಜ ಕುರ್ಚಿಯಲ್ಲೇ ಇದ್ದರು.

"ದೇಸಾಯರ ಮನಿಗೆ ಹೋಗಿ ಶರ್ಯತ್ತು ಕೇಳಿ ಬರ್ತೇವ್ರಿ. ಇಷ್ಟು ದಿನಾ ಬಚ್ಚಲದಾಗ ಕದ್ದು ಓದಿದ್ವಿ. ಕದ್ದಿದ್ದಕ್ಕs ಅದು ತಪ್ಪು ಅಂತ ಆತು. ಇನ್ನ ಕದಿಯೂದಿಲ್ಲ."

ಅಜ್ಜ ಮಗನ ಕಡೆ ತಿರುಗಿದರು. "ಆಕೆಗೆ ಹೇಳು. ಈ ಕೆಲಸಕ್ಕ ಹೊಸ್ತಿಲಾ ದಾಟಿದ್ರ ಬಾಗಲಾ ತಿರುಗಿ ತೆರಿಯೂದಿಲ್ಲ."

ನಾವು ದಾಟಿದೆವು.

ವಕೀಲರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಅಡಿಕೆಯ ತಬಕಿನ ಸುತ್ತ ಗಂಡಸರು ಕೂತಿದ್ದರು. ನಮ್ಮನ್ನು ಕಂಡು ಎಲ್ಲರೂ ತಿರುಗಿದರು. ವಕೀಲರು ಸಭ್ಯಸ್ಥರು, ಎದ್ದು ನಿಂತರು.

"ಬರ್ರಿ ಬಾಯಾರ. ಹೆಣ್ಣುಮಕ್ಕಳು ಒಳಗ ಅದಾರ, ಅಲ್ಲೇ ಕೂಡ್ರಿ."

"ಒಳಗ ರೇಡಿಯೋ ಇಲ್ಲಲ್ಲರಿ" ಎಂದು ಅವ್ವ ಜಮಖಾನೆಯ ಅಂಚಿಗೆ ಕೂತಳು, ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡಳು. ವಕೀಲರು ತಬಕನ್ನು ಈಚೆ ಸರಿಸಿ ತಾವೂ ಕೂತರು.

ರೇಡಿಯೋ ಗೊರಗುಟ್ಟುತ್ತಿತ್ತು. ಇಂಗ್ಲಿಷಿನವನು ಉಸಿರು ತಗೊಳ್ಳದೆ ಹೇಳುತ್ತಿದ್ದ, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲು ಮೆಲ್ಲಗೆ, ಆಮೇಲೆ ನನಗೇ ತಿಳಿಯದೆ ಗಟ್ಟಿಯಾಗಿ. ಅರ್ಧದವರೆಗೆ ಗುಲ್‌ಬಹಾರದ ಹೆಸರೇ ಇರಲಿಲ್ಲ. ಕೊನೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಂತು. ಮೂರನೆಯದು, ಎರಡನೆಯದು, ಒಮ್ಮೆ ಅದೇ ಮುಂದೆ ಎಂದ. ನಾನು ಅವ್ವನ ಮೊಳಕೈ ಹಿಡಿದುಕೊಂಡೆ. ಆಮೇಲೆ ಬೇರೆ ಹೆಸರುಗಳು ನುಗ್ಗಿದವು. ನಾವಿಬ್ಬರೂ ಎಣಿಸದ ಒಂದು ಕಪ್ಪು ಕುದುರೆ ಗೆದ್ದಿತು, ಅವ್ವನದು ಎರಡನೆಯದು, ಗುಲ್‌ಬಹಾರ ಐದನೆಯದು. ನನ್ನ ದನಿಯಿಂದಲೇ ಯಾವುದು ನನ್ನದೆಂದು ತಿಳಿದಿದ್ದ ಗಂಡಸರೊಬ್ಬರು ನಕ್ಕರು.

"ಏನವಾ, ನಿನ್ನ ಕುದುರಿ ಸೋತು ಕೂತಿತಲ್ಲ."

"ಹೌದ್ರಿ, ಸೋತಿತು. ಮುಂದಿನ ವರ್ಷಾನೂ ನಾ ಕುದುರಿ ಅವ್ವನ ಹೆಸರು ನೋಡೇ ಆರಸತೇನಿ."

ಅಷ್ಟು ಜನ ಹಿರಿಯರ ನಡುವೆ ನಾನು ನನ್ನದೇ ಆಗಿ ಆಡಿದ ಮೊದಲ ಮಾತು ಅದು. ಕುದುರಿ ಎಂಬ ಪದವನ್ನು ಅಷ್ಟು ಗಟ್ಟಿಯಾಗಿ ಅಂದದ್ದೂ ಅದೇ ಮೊದಲು. ಅವ್ವ ನನಗೆ ಸುಮ್ಮನಿರು ಎನ್ನಲಿಲ್ಲ.

ಮನೆಗೆ ಬಂದರೆ ಬಾಗಿಲು ಮುಚ್ಚಿತ್ತು. ಇನ್ನೂ ನಾಲ್ಕೂವರೆಯ ಬಿಸಿಲು. ಹಗಲುಹೊತ್ತು ನಮ್ಮ ಮುಂಬಾಗಿಲು ಮುಚ್ಚಿದ್ದನ್ನು ಓಣಿಯವರು ಕಂಡಿರಲಿಲ್ಲ. ಹಿತ್ತಲ ಬಾಗಿಲಿಗೆ ಅಗಳಿ ಸರಿಯಿರಲಿಲ್ಲ, ಒತ್ತಿದರೆ ತೆರೆಯುತ್ತದೆಂದು ಇಬ್ಬರಿಗೂ ಗೊತ್ತು. ನಾನು ಆ ಕಡೆ ಹೊರಟೆ. ಅವ್ವ ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. ಎಲ್ಲರಿಗೂ ಕಾಣುವ ಹಾಗೆ ತಾನೂ ಕೂತಳು. ಎದುರು ಮನೆಯವರು ಬಂದರು, ನೋಡಿದರು, ಒಳಗೆ ಹೋದರು, ಮತ್ತೆ ಬಂದರು. ನನಗೆ ಅಳು ಬರುತ್ತಿತ್ತು, ನೀರಡಿಕೆಯೂ ಆಗಿತ್ತು. ಸ್ಟೇಶನ್ ಕಡೆಯಿಂದ ಹುಸೇನಸಾಬ ಬಂದವನು ನಮ್ಮನ್ನು ನೋಡಿ ಟಾಂಗಾ ನಿಲ್ಲಿಸಿದ. ಮುಚ್ಚಿದ ಬಾಗಿಲನ್ನೂ ನೋಡಿದ.

"ಅವ್ವಾರ, ಪುಣೆ ಗಾಡಿ ಇನ್ನೂ ಐತ್ರಿ. ಎಲ್ಲಿಗೆ ಬಿಡ್ಲಿರಿ?"

"ಎಲ್ಲಿಗೂ ಇಲ್ಲ ಹುಸೇನಸಾಬ್ರ. ನಮ್ಮ ಮನಿ ಇದs."

ಅದನ್ನು ಅವಳು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅವನು ಹೋಗಲಿಲ್ಲ, ಟಾಂಗಾವನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಬಿಜ್ಲಿಗೆ ಹುಲ್ಲು ಹಾಕುತ್ತ ನಿಂತ. ಎಷ್ಟು ಹೊತ್ತಾಯಿತೋ, ಒಳಗೆ ಅಜ್ಜನ ದನಿ, ಆಮೇಲೆ ಅಪ್ಪನ ದನಿ ಕೇಳಿಸಿತು. ಅಗಳಿ ಸರಿಯಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ಯಾರು ತಗದ್ರು?" ಎಂದು ಕುರ್ಚಿಯಿಂದ ಅಜ್ಜ ಕೇಳಿದರು, ಕಣ್ಣೆದುರೇ ಕಂಡಿದ್ದರೂ.

"ನಾ ತಗದೆ."

ಅಪ್ಪ ತನ್ನ ತಂದೆಯೆದುರು ಹೂಂ ಅಲ್ಲದೆ ಬೇರೆ ಮಾತು ಆಡಿದ್ದನ್ನು ನಾನು ಕೇಳಿದ್ದು ಅಂದೇ. ಅವ್ವ ಅಡುಗೆಮನೆಗೆ ಹೋಗಲಿಲ್ಲ. ಪಡಸಾಲೆಯ ನಡುವೆ ನಿಂತಳು.

"ಮಾವನೋರ, ನಿಮ್ಮ ತಮ್ಮನೋರು ತಿರುಗಿ ಬರಲಿಲ್ಲ ಅನ್ನೂ ಸಂಕಟ ನನಗೂ ತಿಳೀತದ. ನನ್ನ ಅಪ್ಪನ್ನ ಬಿಟ್ಟು ಬಂದು ನಾನೂ ತಿರುಗಿ ಹೋಗಿಲ್ಲ. ಆದ್ರ ಅವರು ಹೋದ ದಾರಿಗೂ ನನ್ನ ಮಗಳ ಸಾಲಿಗೂ ಏನು ಸಂಬಂಧರಿ? ನಾಳೆ ಆಕಿ ಸಾಲಿಗೆ ಹೋಗ್ತಾಳ."

"ಹುಸೇನನ ಟಾಂಗಾ ನನ್ನ ಬಾಗಲಿಗೆ ಬರೂದಿಲ್ಲ."

"ನಡಕೊಂಡ ಹೋಗ್ತೇವ್ರಿ."

ಅಜ್ಜ ಪೇಪರನ್ನು ಮುಖಕ್ಕೆ ಎತ್ತಿಕೊಂಡರು. ಅದು ಹಿಂದಿನ ದಿನ ಬಂದದ್ದು, ಓದಿ ಮುಗಿದದ್ದು. ಅವರು ಆಮೇಲೆ ಎಂಟು ವರ್ಷ ಬದುಕಿದರು, ಈ ವಿಷಯದಲ್ಲಿ ಒಮ್ಮೆಯೂ ಸೋತೆ ಎನ್ನಲಿಲ್ಲ. ಅವ್ವನೂ ಗೆದ್ದೆ ಎನ್ನಲಿಲ್ಲ. ಊಟಕ್ಕೆ ಕೂತಾಗ ಅವರ ತಾಟಿಗೆ ಮೊದಲ ಬಿಸಿ ರೊಟ್ಟಿ ಬೀಳುವುದು ಒಂದು ದಿನವೂ ತಪ್ಪಲಿಲ್ಲ.

ಮರುದಿನ ಬೆಳಗ್ಗೆ ಅವ್ವ ಛತ್ರಿ ಹಿಡಿದು ನನ್ನ ಜತೆ ಹೊರಟಳು. ಸಂತೆಯ ದಾರಿ ಬಿಟ್ಟು ಹಿಂದಿನ ಓಣಿಗಳಿಂದ ಹೋಗಬಹುದಿತ್ತು. ಅವಳು ಸಂತೆಯ ನಡುವೆಯೇ ಹೋದಳು. ಅಂಗಡಿಯವರು ನೋಡಿದರು, ನೋಡಲಿ. ಅಪ್ಪನ ಕಚೇರಿಯ ಸಿಪಾಯಿಯೊಬ್ಬ ದಾರಿಬಿಟ್ಟು ನಮಸ್ಕಾರ ಮಾಡಿದ, ಅವನಿಗೂ ತಲೆಯಾಡಿಸಿದಳು. ಶಾಲೆಯ ಗಂಟೆ ಹೊಡೆದಾಗಿತ್ತು. ತರಗತಿಯ ಬಾಗಿಲಲ್ಲಿ ನಮಗೆ ಪಾಠ ಹೇಳುವ ಬಾಯಿಯವರು ನನ್ನನ್ನು ತಡೆದು, ಹನ್ನೊಂದು ದಿನ ಎಲ್ಲಿದ್ದಿ, ಮೈಯಾಗ ಹುಷಾರಿರಲಿಲ್ಲೇನು ಎಂದರು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ನಾನು ಅವ್ವನ ಮುಖ ನೋಡಿದೆ, ಅವಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು.

"ಹುಷಾರಿದ್ದೆನ್ರಿ. ಮನ್ಯಾಗ ಬಿಡಿಸಿದ್ರು. ಮತ್ತ ಬಂದೇನಿ."

ಬಾಯಿಯವರು ಬಾಗಿಲು ಬಿಟ್ಟು ಸರಿದರು. ಮುಂದಿನ ಬೆಂಚಿನ ನನ್ನ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಅವಳು ಏಳುವವರೆಗೂ ಅವಳೆದುರು ನಿಂತೆ. ಹಾಜರಿ ಶುರುವಾಯಿತು. ನನ್ನ ಹೆಸರು ಬಂದಾಗ, ಹೊರಗೆ ಛತ್ರಿ ಬಿಚ್ಚುತ್ತಿದ್ದ ಅವ್ವನಿಗೂ ಕೇಳಲೆಂದು, ಬೇಕಾದ್ದಕ್ಕಿಂತ ಜೋರಾಗಿ ಹಾಜರ್ ಎಂದೆ.